ಹೊರಗಿನವನಿಗೊಂದು ಬಾಡಿಗೆ ಮನೆ



ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ. ಈ ನಾಲ್ಕು ತಾಲ್ಲೂಕುಗಳಲ್ಲಿ ವಿದೇಶಕ್ಕೆ ಹೋದ ಮಕ್ಕಳ ಸುದ್ದಿ ಈಗ ಯಾವ ಊರಿಗೂ ಹೊಸದಲ್ಲ. ಎಂ.ಎಸ್. ಓದಲು ಜರ್ಮನಿಗೆ ಹೋದ ಹುಡುಗ, ನರ್ಸಿಂಗ್ ಮುಗಿಸಿ ಬ್ರಿಟನ್ನಿಗೆ ಹೋದ ಹುಡುಗಿ, ದುಬೈಯಲ್ಲಿ ಎಲೆಕ್ಟ್ರಿಷಿಯನ್ ಆಗಿರುವ ಅಳಿಯ, ಸಿಡ್ನಿಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಸೊಸೆ. ಹೊರಡುವ ಮೊದಲು ಮನೆಯಲ್ಲಿ ಎಲ್ಲದಕ್ಕೂ ಲೆಕ್ಕ ಹಾಕಿರುತ್ತಾರೆ. ವೀಸಾಕ್ಕೆ ಎಷ್ಟು, ಟಿಕೆಟ್ಟಿಗೆ ಎಷ್ಟು, ಬ್ಯಾಂಕಿನ ಸಾಲಕ್ಕೆ ಯಾವ ಜಮೀನು ಅಡವು, ಹುರಿಹಿಟ್ಟು, ಚಟ್ನಿಪುಡಿ ಎಷ್ಟು ಕೆ.ಜಿ. ಇಳಿದ ಮೇಲೆ ಇರುವುದೆಲ್ಲಿ ಎಂಬುದು ಮಾತ್ರ ‘ಅಲ್ಲೋಗಿ ನೋಡ್ಕೊಂಡ್ರಾಯ್ತು’ ಅನ್ನುವ ಪಟ್ಟಿಗೆ ಸೇರಿಹೋಗಿರುತ್ತದೆ.

ಹೋಗಿ ಒಂದೆರಡು ವಾರವಾದ ಮೇಲೆ ಫೋನಿನಲ್ಲಿ ಇಂಥ ಮಾತು ನಡೆಯುತ್ತದೆ.

‘ಮನೆ ಸಿಕ್ತಾ ಮಗಾ?’

‘ಇಲ್ಲ ಕಣವ್ವ. ಒಂದ್ ಮನೆ ನೋಡಕ್ಕೆ ಹೋದ್ರೆ ಬೀದಿ ಉದ್ದಕ್ಕೂ ಜನ ಕ್ಯೂ ನಿಂತವ್ರೆ.’

‘ಒಸಿ ದುಡ್ಡು ಜಾಸ್ತಿ ಕೊಡ್ತೀನಿ ಅನ್ನು.’

‘ಅವರು ಕೇಳದು ಬರೀ ದುಡ್ಡಲ್ಲ ಕಣವ್ವ, ಕಾಗದ. ಹಿಂದಿನ ಮನೆ ಓನರ್ ಹತ್ರ ಬರೆಸ್ಕೊಂಡ್ ಬಾ ಅಂತಾರೆ. ನಂಗೆ ಹಿಂದಿನ ಓನರ್ ಅಂದ್ರೆ ನಮ್ಮಪ್ಪನೇ ತಾನೆ?’

ಇವತ್ತಿನ ವಿಷಯವೆಲ್ಲ ಈ ಹುಡುಗನ ಮಾತಿನಲ್ಲೇ ಇದೆ. ಮನೆ ಮಾಲೀಕ ಯಾವ ದೇಶದವನೇ ಆಗಲಿ, ಅವನನ್ನು ಕಾಡುವ ಅನುಮಾನ ಎರಡೇ. ತಿಂಗಳು ತಿಂಗಳು ಬಾಡಿಗೆ ಬರುತ್ತದೆಯೇ? ಬಿಡು ಅಂದಾಗ ಮನೆ ಬಿಡುತ್ತಾನೆಯೇ? ಈ ಅನುಮಾನ ತೀರಿದರೆ ಮನೆ ಸಿಗುತ್ತದೆ, ನ್ಯಾಯವಾದ ಬಾಡಿಗೆಗೂ ಸಿಗುತ್ತದೆ. ತೀರದಿದ್ದರೆ ಅಡ್ವಾನ್ಸ್ ಏರುತ್ತದೆ, ಬಾಡಿಗೆ ಏರುತ್ತದೆ, ಕೊನೆಗೆ ಯಾರಿಗೂ ಬೇಡವಾದ ಮನೆ ಹೊಸಬನ ಪಾಲಿಗೆ ಬರುತ್ತದೆ. ಪರದೇಶದಲ್ಲಿ ಬಾಡಿಗೆ ದುಬಾರಿ ಅನ್ನುತ್ತೇವಲ್ಲ, ಅದರಲ್ಲಿ ಒಂದು ಪಾಲು ಆ ಊರಿನ ದರ. ಇನ್ನೊಂದು ಪಾಲು ಹೊರಗಿನವನಾಗಿರುವುದಕ್ಕೆ ತೆರುವ ದಂಡ. ಊರಿನ ದರವನ್ನು ಇಳಿಸಲು ನಮ್ಮಿಂದಾಗದು. ಆ ದಂಡವನ್ನು ಇಳಿಸಿಕೊಳ್ಳುವುದು ಮಾತ್ರ ನಮ್ಮ ಕೈಯಲ್ಲಿದೆ.

ನಮ್ಮ ಕಡೆ ಈ ಅನುಮಾನವನ್ನು ಹೇಗೆ ತೀರಿಸಿಕೊಳ್ಳುತ್ತೇವೆ? ಕೆ.ಆರ್. ಪೇಟೆಯಲ್ಲೋ ನಾಗಮಂಗಲದಲ್ಲೋ ಮನೆ ಕೇಳಲು ಹೋದರೆ ಜಗುಲಿಯ ಮೇಲೆ ಕೂರಿಸಿ ಕೇಳುವ ಮೊದಲ ಮಾತು ‘ಯಾವೂರಪ್ಪ? ಯಾರ ಮಗ?’ ಸಂಬಳದ ಚೀಟಿ ಕೇಳುವವರಿಲ್ಲ. ಊರ ಹೆಸರು, ಅಪ್ಪನ ಹೆಸರು, ನಡುವೆ ಒಬ್ಬ ಪರಿಚಯದವನು ಇದ್ದರೆ ಮುಗಿಯಿತು. ಪರಿಚಯವೇ ಇಲ್ಲದವನು ಬಂದರೆ ನಾವೂ ದರ ಬದಲಿಸುತ್ತೇವೆ. ಪಕ್ಕದ ಮೈಸೂರಿನ ಗೋಕುಲಂ ಬಡಾವಣೆಯನ್ನೇ ನೋಡಿ. ಪಟ್ಟಾಭಿ ಜೋಯಿಸರ ಅಷ್ಟಾಂಗ ಯೋಗ ಕಲಿಯಲು ದೇಶ ದೇಶಗಳಿಂದ ಜನ ಬರತೊಡಗಿದ ಮೇಲೆ ಅಲ್ಲಿ ಊರಿನವರಿಗೆ ಒಂದು ಬಾಡಿಗೆ, ವಿದೇಶಿಯರಿಗೆ ಒಂದು ಬಾಡಿಗೆ ಎಂಬುದು ಎಲ್ಲರೂ ಬಲ್ಲ ಸಂಗತಿ. ಹೊರಗಿನವನ ದಂಡ ಅಂದರೆ ಇದೇ.

ಹೊರದೇಶದವರು ನಮ್ಮ ನೆಲದಲ್ಲಿ ವಾಸ ಮಾಡಿದ್ದು ಇವತ್ತು ನಿನ್ನೆಯ ಮಾತಲ್ಲ. ಹೈದರ್, ಟಿಪ್ಪುವಿನ ಚಾಕರಿಯಲ್ಲಿದ್ದ ಫ್ರೆಂಚ್ ಸಿಪಾಯಿಗಳು ಬೀಡುಬಿಟ್ಟಿದ್ದ ಹಿರೋಡೆಗೆ ಫ್ರೆಂಚ್ ರಾಕ್ಸ್ ಎಂದೇ ಹೆಸರು ಬಿದ್ದಿತ್ತು. ಅದೇ ಇಂದಿನ ಪಾಂಡವಪುರ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿನ ಉಸ್ತುವಾರಿ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿ ಟಿಪ್ಪುವಿನ ಬೇಸಿಗೆ ಅರಮನೆಯಾದ ದರಿಯಾ ದೌಲತ್‌ನಲ್ಲೇ ಬಿಡಾರ ಹೂಡಿದ. ಇವರ್ಯಾರೂ ಟು ಲೆಟ್ ಬೋರ್ಡು ಹುಡುಕಿಕೊಂಡು ಬೀದಿ ಸುತ್ತಿದವರಲ್ಲ. ಅಧಿಕಾರದ ಜೊತೆ ಬಂದವನಿಗೆ ಅರಮನೆಯೂ ಸಿಗುತ್ತದೆ. ಆದರೆ ಅರಮನೆ ಸಿಕ್ಕಿದರೂ ನೆಲ ಒಗ್ಗಬೇಕಲ್ಲ. ಶ್ರೀರಂಗಪಟ್ಟಣ ದ್ವೀಪದ ಜ್ವರಕ್ಕೆ ಸೈನಿಕರು ಒಬ್ಬರ ಹಿಂದೊಬ್ಬರು ಸತ್ತು, 1809ರಲ್ಲಿ ಬ್ರಿಟಿಷರು ತಮ್ಮ ದಂಡನ್ನು ಬೆಂಗಳೂರಿಗೆ ಸಾಗಿಸಿದರು. ಬ್ರಿಟಿಷರ ಸೇವೆಯಲ್ಲಿದ್ದ ಸ್ವಿಟ್ಜರ್ಲೆಂಡಿನ ಡಿ ಮ್ಯೂರನ್ ರೆಜಿಮೆಂಟಿನವರ ಗೋರಿಗಳನ್ನು ಶ್ರೀರಂಗಪಟ್ಟಣದ ಗ್ಯಾರಿಸನ್ ಸ್ಮಶಾನದಲ್ಲಿ ಈಗಲೂ ನೋಡಬಹುದು.

ನಮ್ಮ ಮಕ್ಕಳು ಹೋಗುವುದು ಹಾಗಲ್ಲ, ದುಡಿಯಲು. ಆ ದಾರಿಯನ್ನು ಇವರಿಗಿಂತ ಎಷ್ಟೋ ಮೊದಲೇ ನಡೆದವರು ನಮ್ಮಲ್ಲೇ ಇದ್ದಾರೆ. ಕೆ.ಆರ್. ಪೇಟೆ, ನಾಗಮಂಗಲ, ಪಾಂಡವಪುರ ತಾಲ್ಲೂಕುಗಳ ಒಣಭೂಮಿ ಹಳ್ಳಿಗಳಿಂದ ಮುಂಬೈಗೆ ಹೋದವರು. ಹೋಟೆಲಿನಲ್ಲಿ ದುಡಿದವರು, ಆಟೊ ಓಡಿಸಿದವರು. ಅವರು ಎಷ್ಟು ಜನ ಎಂಬುದು ಹೊರಗಿನ ಲೋಕಕ್ಕೆ ಗೊತ್ತಾದದ್ದು 2020ರ ಮೇ ತಿಂಗಳಲ್ಲಿ. ಕೋವಿಡ್ ಲಾಕ್‌ಡೌನಿನಲ್ಲಿ ಕೆಲಸ ನಿಂತು ಅವರು ಊರಿಗೆ ಮರಳಿದಾಗ ಹಾಸ್ಟೆಲು, ಶಾಲೆಗಳೆಲ್ಲ ಕ್ವಾರಂಟೈನ್ ಕೇಂದ್ರಗಳಾದವು. ಆ ತಿಂಗಳು ಮಂಡ್ಯ ಜಿಲ್ಲೆಯಲ್ಲಿ ಸೋಂಕು ಕಂಡವರಲ್ಲಿ ಬಹುಪಾಲು ಮುಂಬೈಯಿಂದ ಬಂದವರೇ. ‘ಮುಂಬೈನವರು’ ಎಂದು ಆಗ ಊರಿನವರೇ ಅವರನ್ನು ದೂರ ನಿಲ್ಲಿಸಿದ್ದೂ ಉಂಟು. ದುಡಿಮೆ ನಿಂತ ತಿಂಗಳು ಬಾಡಿಗೆ ನಿಲ್ಲುವುದಿಲ್ಲ. ಊರಿಗೆ ಮರಳಿದವರ ಮೇಲೆ ರೋಗದ ಭಯದ ಜೊತೆಗೆ ಈ ಭಾರವೂ ಇತ್ತು.

ಆ ಮುಂಬೈ ವಾಸ ಹೇಗಿರುತ್ತದೆ? ಹತ್ತು ಅಡಿಗೆ ಹತ್ತು ಅಡಿಯ ಒಂದು ಖೋಲಿ. ಮೂಲೆಯಲ್ಲಿ ಮೊಣಕಾಲೆತ್ತರದ ಗೋಡೆ ಕಟ್ಟಿದ ಮೋರಿ. ಸ್ನಾನ, ಪಾತ್ರೆ, ಬಟ್ಟೆ ಎಲ್ಲಕ್ಕೂ ಅದೇ. ಮೇಲೊಂದು ಅಟ್ಟ, ಹತ್ತಲು ಕಬ್ಬಿಣದ ಏಣಿ. ಹಗಲು ಪಾಳಿಯವನು ಬಂದು ಮಲಗುವ ಹೊತ್ತಿಗೆ ರಾತ್ರಿ ಪಾಳಿಯವನು ಎದ್ದು ಹೊರಡುತ್ತಾನೆ. ಬಾಡಿಗೆಯನ್ನು ತಲೆಗಿಷ್ಟು ಎಂದು ಹಂಚಿಕೊಂಡರೆ ಊರಿಗೆ ಕಳಿಸಲು ದುಡ್ಡು ಉಳಿಯುತ್ತದೆ. ಅಲ್ಲಿ ಖೋಲಿ ಸಿಗುವುದಕ್ಕೆ ಮೂಲ ಮೊದಲು ಹೋದ ನಮ್ಮೂರಿನವನು. ಓನರಿನ ಎರಡೂ ಅನುಮಾನಕ್ಕೆ ಅವನೇ ಜಾಮೀನು. ಹಾಗೆ ಒಂದು ಹಳ್ಳಿಯ ಅಣ್ಣತಮ್ಮಂದಿರು ಒಂದೇ ವಠಾರಕ್ಕೆ ಸೇರುತ್ತಾರೆ. ಜಾಮೀನಿನ ಈ ಸರಪಳಿಯೇ ಅವರ ಆಸ್ತಿ, ಅವರ ಮಿತಿಯೂ ಅದೇ. ಸರಪಳಿ ಮುಟ್ಟದ ಬೀದಿಯಲ್ಲಿ ಮನೆ ಕೇಳುವ ಧೈರ್ಯ ಬರುವುದಿಲ್ಲ.

ಸರಪಳಿಯ ಆಚೆಗೆ ಕಾಲಿಡಬೇಕಾದರೆ ಕಾನೂನು ಗೊತ್ತಿರಬೇಕು. ನಮ್ಮ ದೇಶದಲ್ಲಿ ಎಲ್ಲ ಕಡೆ ಹನ್ನೊಂದು ತಿಂಗಳ ಕರಾರೇ ಯಾಕೆ? 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು. ಅದರಿಂದ ತಪ್ಪಿಸಿಕೊಳ್ಳಲು ಹನ್ನೊಂದು. ಆದರೆ ಮಹಾರಾಷ್ಟ್ರದಲ್ಲಿ ಈ ಉಪಾಯ ನಡೆಯುವುದಿಲ್ಲ. ಅಲ್ಲಿನ 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಂ ಪ್ರಕಾರ ಅವಧಿ ಎಷ್ಟೇ ಇರಲಿ, ಕರಾರು ಬರವಣಿಗೆಯಲ್ಲಿರಬೇಕು, ನೋಂದಣಿಯಾಗಿರಬೇಕು, ಅದನ್ನು ಮಾಡಿಸುವ ಹೊಣೆ ಮಾಲೀಕನದು. ಅವನು ಮಾಡಿಸದೆ ತಕರಾರು ಎದ್ದರೆ, ಸುಳ್ಳೆಂದು ಸಾಬೀತಾಗುವ ತನಕ ಬಾಡಿಗೆದಾರ ಹೇಳಿದ ಷರತ್ತೇ ಸರಿ. ಖೋಲಿಯಲ್ಲಿ ಇಪ್ಪತ್ತು ವರ್ಷ ಕಳೆದವರಲ್ಲೂ ಈ ಕಲಮಿನ ಸುದ್ದಿ ಕೇಳದವರು ಎಷ್ಟೋ ಮಂದಿ. ಪರದೇಶಕ್ಕೆ ಹೋಗುವವರೂ ಮೊದಲು ವಿಚಾರಿಸಬೇಕಾದದ್ದು ಇದನ್ನೇ: ಬಾಡಿಗೆಯ ದರಕ್ಕಿಂತ ಮುಂಚೆ, ಆ ದೇಶದ ಬಾಡಿಗೆಯ ಕಾನೂನು.

ಈಗ ಒಂದೊಂದೇ ದೇಶ ನೋಡೋಣ. ಜರ್ಮನಿಯಲ್ಲಿ ಬಾಡಿಗೆಗೆ ಎರಡು ಅಂಕಿ ಇರುತ್ತವೆ. ಒಂದು ಬರಿ ಮನೆಯ ಬಾಡಿಗೆ. ಇನ್ನೊಂದು ಬಿಸಿ ಮಾಡುವ ಖರ್ಚು, ನೀರು, ಕಸ ಎಲ್ಲ ಸೇರಿಸಿದ್ದು. ಜಾಹೀರಾತಿನಲ್ಲಿ ಸಣ್ಣ ಅಂಕಿ ದೊಡ್ಡದಾಗಿ ಕಾಣುತ್ತದೆ, ಕೈಬಿಟ್ಟು ಹೋಗುವುದು ದೊಡ್ಡ ಅಂಕಿ. ಠೇವಣಿ ಬರಿ ಬಾಡಿಗೆಯ ಮೂರು ತಿಂಗಳ ಮೊತ್ತವನ್ನು ಮೀರುವಂತಿಲ್ಲ, ಅದನ್ನೂ ಮೂರು ಕಂತಿನಲ್ಲಿ ಕಟ್ಟುವ ಹಕ್ಕು ಬಾಡಿಗೆದಾರನಿಗಿದೆ. ಬರಿ ಬಾಡಿಗೆ 600 ಯೂರೊ ಇದ್ದರೆ ಠೇವಣಿ 1,800. ಅದನ್ನು ತಿಂಗಳಿಗೆ 600ರಂತೆ ಕಟ್ಟಬಹುದು. ಇದು ಗೊತ್ತಿಲ್ಲದ ಹುಡುಗ ಒಂದೇ ಸಲ ಪೂರ್ತಿ ಹಣ ಕಳಿಸಿ ಅಂತ ಊರಿಗೆ ಫೋನ್ ಮಾಡುತ್ತಾನೆ, ಅಪ್ಪ ಕೈಸಾಲಕ್ಕೆ ಓಡುತ್ತಾನೆ. 2015ರಿಂದ ಅಲ್ಲಿ ಬಾಡಿಗೆ ಮನೆಯ ಬ್ರೋಕರನ್ನು ಯಾರು ನೇಮಿಸುತ್ತಾರೋ ಕಮಿಷನ್ ಕೊಡುವುದೂ ಅವರೇ.

ಅಲ್ಲಿನ ಖಾಲಿ ಮನೆ ಅಂದರೆ ಎಷ್ಟು ಖಾಲಿ ಎಂಬುದನ್ನೂ ಹೇಳಬೇಕು. ಬಾಗಿಲು ತೆರೆದರೆ ಅಡುಗೆಮನೆಯಲ್ಲಿ ಸಿಂಕ್ ಇಲ್ಲ, ಒಲೆ ಇಲ್ಲ, ಕಟ್ಟೆಯೂ ಇಲ್ಲ. ಗೋಡೆಯಿಂದ ನಲ್ಲಿಯ ಪೈಪು, ಮಾಡಿನಿಂದ ಬಲ್ಬಿಲ್ಲದ ವೈರು ಚಾಚಿಕೊಂಡಿರುತ್ತವೆ. ಹಿಂದಿನವನು ತನ್ನ ಅಡುಗೆಮನೆಯನ್ನು ಬಿಚ್ಚಿಕೊಂಡು ಹೋಗಿರುತ್ತಾನೆ. ಅದನ್ನು ಕೂಡಿಸುವ ಖರ್ಚು ಹಾಕಿದರೆ ಅಗ್ಗದ ಮನೆ ಅಗ್ಗವಲ್ಲ. ಆದ್ದರಿಂದ ವಿದ್ಯಾರ್ಥಿಗೆ ಹಾಸ್ಟೆಲೋ, ಹಂಚಿಕೊಂಡ ಮನೆಯ ಒಂದು ಕೋಣೆಯೋ ವಾಸಿ. ಸೀಟು ಸಿಕ್ಕ ದಿನವೇ ವಿದ್ಯಾರ್ಥಿ ಕಲ್ಯಾಣ ಸಂಸ್ಥೆಯ ಹಾಸ್ಟೆಲಿಗೆ ಅರ್ಜಿ ಹಾಕಬೇಕು. ವೀಸಾಕ್ಕಾಗಿ ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ತಿಂಗಳಿಗಿಷ್ಟು ಎಂದು ಮಾತ್ರ ಬಿಡುವ ಖಾತೆಯಲ್ಲಿ, ಇಡುವ ಹಣ 2024ರ ಸೆಪ್ಟೆಂಬರಿನಿಂದ ವರ್ಷಕ್ಕೆ 11,904 ಯೂರೊ, ಅಂದರೆ ತಿಂಗಳಿಗೆ ಕೈಗೆ ಬರುವುದು 992. ಬಾಡಿಗೆ, ಊಟ, ಆರೋಗ್ಯ ವಿಮೆ ಎಲ್ಲವೂ ಇದರಲ್ಲೇ ಆಗಬೇಕು. ಮ್ಯೂನಿಕ್‌ನ ಬಾಡಿಗೆಗೂ ಖೆಮ್ನಿಟ್ಸ್‌ನ ಬಾಡಿಗೆಗೂ ಅಜಗಜಾಂತರ. ವಿಶ್ವವಿದ್ಯಾಲಯ ಆರಿಸುವಾಗಲೇ ಊರಿನ ಬಾಡಿಗೆಯನ್ನೂ ನೋಡುವುದು ಜಾಣತನ.

ಇನ್ನೊಂದು ಎಚ್ಚರಿಕೆ. ಜರ್ಮನಿಯಲ್ಲಿ ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮಾಲೀಕನ ದೃಢೀಕರಣ ಪತ್ರ ಬೇಕು. ಬ್ಯಾಂಕು, ತೆರಿಗೆ, ವೀಸಾ ವಿಸ್ತರಣೆ, ಎಲ್ಲಕ್ಕೂ ಆ ವಿಳಾಸವೇ ತಳಹದಿ. ‘ಬಾಡಿಗೆ ಕಮ್ಮಿ ಮಾಡ್ತೀನಿ, ನೋಂದಣಿ ಮಾತ್ರ ಕೇಳಬೇಡ’ ಅನ್ನುವವನ ಕೋಣೆ ಎಷ್ಟು ಅಗ್ಗವಾದರೂ ದುಬಾರಿಯೇ.

ಬ್ರಿಟನ್ನಿಗೆ ಬರೋಣ. ಇಂಗ್ಲೆಂಡಿನಲ್ಲಿ 2019ರ ಜೂನ್‌ನಿಂದ ಏಜೆಂಟರು ಬಾಡಿಗೆದಾರರಿಂದ ತಪಾಸಣೆ ಶುಲ್ಕ, ಕಾಗದಪತ್ರದ ಶುಲ್ಕ ಕೀಳುವಂತಿಲ್ಲ. ವರ್ಷದ ಬಾಡಿಗೆ 50,000 ಪೌಂಡಿಗಿಂತ ಕಡಿಮೆಯ ಮನೆಗೆ ಠೇವಣಿ ಐದು ವಾರದ ಬಾಡಿಗೆಯನ್ನು ಮೀರುವಂತಿಲ್ಲ. ಆ ಹಣವನ್ನು 30 ದಿನದೊಳಗೆ ಸರ್ಕಾರ ಒಪ್ಪಿದ ಠೇವಣಿ ರಕ್ಷಣಾ ಯೋಜನೆಯಡಿ ತರಬೇಕು. ತಪ್ಪಿದರೆ ನ್ಯಾಯಾಲಯ ಠೇವಣಿಯ ಮೂರರಷ್ಟರವರೆಗೂ ಪರಿಹಾರ ಕೊಡಿಸಬಹುದು. ಬಾಡಿಗೆಗೆ ಕೊಡುವ ಮೊದಲು ವೀಸಾ ತಪಾಸಣೆ ಮಾಡುವುದು ಅಲ್ಲಿ ಮಾಲೀಕನ ಕರ್ತವ್ಯ. ಅದನ್ನು ಅವಮಾನವೆಂದು ತಿಳಿಯಬೇಕಿಲ್ಲ. ನರ್ಸ್ ಆಗಿ ಹೋಗುವವರು ಆಸ್ಪತ್ರೆಯನ್ನು ಮೊದಲ ಕೆಲವು ವಾರಗಳ ವಸತಿಗಾಗಿ ಕೇಳಬೇಕು. ಕೆಲವು ಆಸ್ಪತ್ರೆಗಳು ಕೊಡುತ್ತವೆ, ಕೇಳದಿದ್ದವರಿಗೆ ತಾನಾಗಿ ಬರುವುದಿಲ್ಲ.

ಆಸ್ಟ್ರೇಲಿಯಾದಲ್ಲಿ ಬಾಡಿಗೆ ಹೇಳುವುದೇ ವಾರಕ್ಕೆ ಇಷ್ಟು ಎಂದು. ನಮ್ಮವರು ಅದನ್ನು ನಾಲ್ಕರಿಂದ ಗುಣಿಸಿ ತಿಂಗಳ ಲೆಕ್ಕ ಹಾಕುತ್ತಾರೆ. ವಾರಕ್ಕೆ 400 ಡಾಲರ್ ಅಂದರೆ ತಿಂಗಳಿಗೆ 1,600 ಅಲ್ಲ. ವರ್ಷಕ್ಕೆ 52 ವಾರ. 52ರಿಂದ ಗುಣಿಸಿ 12ರಿಂದ ಭಾಗಿಸಿದರೆ 1,733. ಸಂಬಳ ಕೈಗೆ ಸಾಲದೆ ಹೋಗುವುದು ಇಂಥ ವ್ಯತ್ಯಾಸಗಳಲ್ಲೇ. ಅಲ್ಲಿ ಠೇವಣಿ ಮಾಲೀಕನ ಜೇಬಿಗೆ ಹೋಗುವುದಿಲ್ಲ; ರಾಜ್ಯ ಸರ್ಕಾರದ ಪ್ರಾಧಿಕಾರದಲ್ಲಿ ಇರುತ್ತದೆ.

ದುಬೈಯ ರೀತಿಯೇ ಬೇರೆ. ವರ್ಷದ ಬಾಡಿಗೆಗೆ ಮುಂದಿನ ತಾರೀಕು ಹಾಕಿದ ಚೆಕ್ಕುಗಳನ್ನು ಮೊದಲೇ ಬರೆದುಕೊಡಬೇಕು. ಚೆಕ್ಕು ಕಡಿಮೆಯಾದಷ್ಟೂ ಬಾಡಿಗೆ ಇಳಿಸಲು ಮಾತಾಡಬಹುದು, ಆದರೆ ಅಷ್ಟು ಹಣ ಒಟ್ಟಿಗೆ ಬೇಕು. ಕರಾರನ್ನು ಇಜಾರಿ ವ್ಯವಸ್ಥೆಯಲ್ಲಿ ನೋಂದಾಯಿಸಬೇಕು. 2013ರ 43ನೇ ಆದೇಶದ ಪ್ರಕಾರ, ಕರಾರು ನವೀಕರಿಸುವಾಗ ಏರಿಸಬಹುದಾದ ಬಾಡಿಗೆಗೆ ಮಿತಿಯಿದೆ; ಎಷ್ಟೇ ಆದರೂ ಶೇ 20ನ್ನು ಮೀರುವಂತಿಲ್ಲ. ಕಡಿಮೆ ಸಂಬಳದವರು ಮೊರೆಹೋಗುವುದು ಬೆಡ್ ಸ್ಪೇಸಿಗೆ, ಅಂದರೆ ಹಂಚಿಕೊಂಡ ಕೋಣೆಯಲ್ಲಿ ಒಂದು ಹಾಸಿಗೆಯಷ್ಟು ಜಾಗಕ್ಕೆ. ಆದರೆ ಅನುಮತಿಯಿಲ್ಲದೆ ಒಂದು ಕೋಣೆಯನ್ನು ಹಲಗೆ ಹೊಡೆದು ಭಾಗ ಮಾಡಿ ಬಾಡಿಗೆಗೆ ಕೊಡುವುದು ಅಲ್ಲಿ ಅಪರಾಧ. ನಗರಪಾಲಿಕೆ ದಾಳಿ ಮಾಡಿದರೆ ಹಾಸಿಗೆ ಸಮೇತ ಬೀದಿಗೆ ಬರುವವನು ಬಾಡಿಗೆದಾರ.

ಅಮೆರಿಕದಲ್ಲಿ ‘ಯಾರ ಮಗ’ ಎಂಬ ಪ್ರಶ್ನೆಯ ಜಾಗದಲ್ಲಿ ಇರುವುದು ಕ್ರೆಡಿಟ್ ಸ್ಕೋರು, ಅಂದರೆ ಸಾಲ ತೀರಿಸಿದ ದಾಖಲೆಗೆ ಬೀಳುವ ಅಂಕ. ಹೊಸದಾಗಿ ಇಳಿದವನಿಗೆ ಸ್ಕೋರೇ ಇರುವುದಿಲ್ಲ. ಇಲ್ಲಿ ಎಷ್ಟು ಸಾಲ ತೀರಿಸಿದ್ದರೂ ಅಲ್ಲಿ ಅದು ಲೆಕ್ಕಕ್ಕಿಲ್ಲ. ಹಾಗೆಂದು ಕೇಳಿದಷ್ಟು ಠೇವಣಿ ಕೊಡಬೇಕಾಗಿಲ್ಲ. ನ್ಯೂಯಾರ್ಕ್ ರಾಜ್ಯದಲ್ಲಿ 2019ರಿಂದ ಠೇವಣಿ ಒಂದು ತಿಂಗಳ ಬಾಡಿಗೆಗೆ ಸೀಮಿತ; ಕ್ಯಾಲಿಫೋರ್ನಿಯಾದಲ್ಲೂ 2024ರ ಜುಲೈಯಿಂದ ಬಹುಪಾಲು ಮಾಲೀಕರಿಗೆ ಇದೇ ಮಿತಿ.

ಇಷ್ಟೆಲ್ಲ ದೇಶ ಸುತ್ತಿದ ಮೇಲೆ ಕೆಲವು ಮಾತು ಎಲ್ಲ ಕಡೆಗೂ ಸಲ್ಲುತ್ತವೆ. ಊರು ಬಿಡುವ ಮೊದಲೇ ಕಾಗದದ ಒಂದು ಕಟ್ಟು ಸಿದ್ಧವಾಗಲಿ. ಕೆಲಸದ ಆದೇಶ ಅಥವಾ ಸೀಟಿನ ಪತ್ರ, ಬ್ಯಾಂಕಿನ ಆರು ತಿಂಗಳ ಲೆಕ್ಕ, ಸಾಲ ಮಂಜೂರಾದ ಪತ್ರ, ಪಾಸ್‌ಪೋರ್ಟ್ ಪ್ರತಿ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಬಾಡಿಗೆಗಿದ್ದಿದ್ದರೆ ಆ ಓನರಿನಿಂದ ನಾಲ್ಕು ಸಾಲು: ಇಂಥವರು ಇಷ್ಟು ದಿನ ಇದ್ದರು, ಬಾಡಿಗೆ ಹೊತ್ತಿಗೆ ಸರಿಯಾಗಿ ಕೊಟ್ಟರು, ಮನೆ ಚೊಕ್ಕಟವಾಗಿ ಬಿಟ್ಟರು ಅಂತ. ನೋಟರಿಗಿಂತ ಈ ನಾಲ್ಕು ಸಾಲಿಗೆ ಬೆಲೆ ಹೆಚ್ಚು.

ಮೊದಲ ತಿಂಗಳು ತಾತ್ಕಾಲಿಕ ಜಾಗದಲ್ಲಿದ್ದು, ಮನೆಯನ್ನು ಕಣ್ಣಾರೆ ನೋಡಿ ಹಿಡಿಯಬೇಕು. ‘ನಾನು ಬೇರೆ ದೇಶದಲ್ಲಿದ್ದೇನೆ, ಹಣ ಹಾಕಿ, ಕೀ ಪೋಸ್ಟಿನಲ್ಲಿ ಬರುತ್ತದೆ’ ಎಂದು ಬರೆಯುವ ಓನರ್ ಓನರೇ ಅಲ್ಲ. ಫೋಟೊದಲ್ಲಿ ಅರಮನೆಯಂಥ ಮನೆ, ಊರಿನ ದರದ ಅರ್ಧ ಬಾಡಿಗೆ, ಇವತ್ತೇ ಹಣ ಕಳಿಸಿ ಎಂಬ ಅವಸರ, ಈ ಮೂರೂ ಒಟ್ಟಿಗೆ ಬಂದರೆ ಅದು ಮೋಸ. ನಾವೇ ಹೋಗಿ ನೋಡಲಾಗದಿದ್ದರೆ ಅಲ್ಲಿರುವ ಪರಿಚಯದವರನ್ನು ಕಳಿಸಬೇಕು. ಅದಕ್ಕೆ ನಮ್ಮ ಕನ್ನಡ ಸಂಘಗಳಿವೆ. ಬಹರೈನ್, ಸಿಂಗಪುರ, ಅಮೆರಿಕದ ಊರೂರುಗಳ ಸಂಘ, ಕೂಟಗಳು ರಾಜ್ಯೋತ್ಸವಕ್ಕೆ ಮಾತ್ರ ಇರುವುದಲ್ಲ. ಹೊಸಬರಿಗೆ ಮನೆ ನೋಡಿ ಬರುವ ನಾಲ್ಕು ಜನ ಅಲ್ಲಿದ್ದರೆ ಅದಕ್ಕಿಂತ ದೊಡ್ಡ ಕನ್ನಡ ಸೇವೆ ಬೇರೆ ಬೇಕಿಲ್ಲ.

ಮನೆ ಹೊಕ್ಕ ದಿನವೇ ಗೋಡೆ, ನೆಲ, ಒಲೆ, ಸ್ನಾನದ ಮನೆ ಎಲ್ಲದರ ಫೋಟೊ ತೆಗೆದು ಓನರಿಗೆ ಕಳಿಸಿಬಿಡಬೇಕು. ಬಿಡುವ ದಿನ ಠೇವಣಿ ಹಿಡಿದುಕೊಳ್ಳುವುದು ಹಳೆಯ ಕಲೆಗಳ ಲೆಕ್ಕದಲ್ಲೇ. ಬಿಳಿ ಅಡುಗೆ ಕಟ್ಟೆಯ ಮೇಲೆ ಚೆಲ್ಲಿದ ಅರಿಸಿನ ಯಾವ ಸೋಪಿಗೂ ಹೋಗುವುದಿಲ್ಲ. ಬಸ್ಸಾರಿಗೆ ಒಗ್ಗರಣೆ ಹಾಕಿದ ಕೂಡಲೇ ಹೊಗೆಯ ಅಲಾರಂ ಕಿರುಚಿಕೊಂಡು ಇಡೀ ಕಟ್ಟಡದವರು ಮೆಟ್ಟಿಲಿಳಿದು ಬರುವುದೂ ಉಂಟು. ಒಗ್ಗರಣೆ ಬಿಡಬೇಕಿಲ್ಲ, ಹೊಗೆ ಹೀರುವ ಫ್ಯಾನು ಇದೆಯೇ ಎಂದು ಮನೆ ನೋಡುವಾಗಲೇ ನೋಡಿಕೊಂಡರೆ ಸಾಕು.

ಇನ್ನು ಮನೆಗೂ ಕೆಲಸಕ್ಕೂ ಇರುವ ದೂರದ ಲೆಕ್ಕವನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಪಾಂಡವಪುರ, ಶ್ರೀರಂಗಪಟ್ಟಣದಲ್ಲಿ ಮನೆ ಮಾಡಿಕೊಂಡು ರೈಲಿನ ಪಾಸಿನಲ್ಲಿ ದಿನಾ ಮೈಸೂರಿಗೆ ಹೋಗಿ ಬರುವವರು ಬಾಡಿಗೆ ಮತ್ತು ಪಾಸನ್ನು ಕೂಡಿಸಿಯೇ ಲೆಕ್ಕ ಹಾಕುತ್ತಾರೆ. ಪರದೇಶದಲ್ಲೂ ಹಾಗೇ. ಊರ ನಡುವಿನ ಕೋಣೆಯ ಬದಲು ರೈಲು ನಿಲ್ಲುವ ಸಣ್ಣ ಊರಿನ ಮನೆ. ಆದರೆ ರಾತ್ರಿ ಪಾಳಿಯವರು ಕೊನೆಯ ರೈಲಿನ ಹೊತ್ತನ್ನು ಮೊದಲು ನೋಡಿಕೊಳ್ಳಬೇಕು.

ಕೊನೆಯದಾಗಿ, ಇಲ್ಲಿರುವ ನಾವು ಓನರುಗಳಾಗಿ ಹೇಗಿದ್ದೇವೆ ಎಂಬ ಮಾತು. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದ ಕಾಲೇಜುಗಳಿಗೆ ಹೊರಗಿನಿಂದ ಮಕ್ಕಳು ಬರುತ್ತಾರೆ. ಪಾಂಡವಪುರ ಸುತ್ತಿನ ಆಲೆಮನೆಗಳಲ್ಲಿ ಕೊಪ್ಪರಿಗೆಯ ಮುಂದೆ ನಿಂತು ಬೆಲ್ಲ ಕಾಯಿಸುವವರಲ್ಲಿ ಉತ್ತರಪ್ರದೇಶದವರಿದ್ದಾರೆ. ಕಬ್ಬಿನ ಸಿಪ್ಪೆ ಒಣಗುವ ಅಂಗಳದ ಪಕ್ಕದ ಶೆಡ್ಡೇ ಅವರ ಮನೆ. ಊರಿನೊಳಗೆ ಅವರು ಮನೆ ಕೇಳಿದರೆ ಜಾತಿ ಕೇಳುತ್ತೇವೆ, ಮಾಂಸ ತಿನ್ನುತ್ತೀರಾ ಎನ್ನುತ್ತೇವೆ, ಅಡ್ವಾನ್ಸಿಗೆ ರಸೀದಿ ಕೊಡುವುದಿಲ್ಲ. ಕೇಂದ್ರ ಸಂಪುಟ 2021ರ ಜೂನ್ 2ರಂದು ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಠೇವಣಿ ಬೇಡವೆನ್ನುತ್ತದೆ; ರಾಜ್ಯ ಅಳವಡಿಸಿಕೊಂಡರೆ ಮಾತ್ರ ಅದು ಜಾರಿ. ಕರಾರು ಬರೆದುಕೊಡಲು, ಪಡೆದ ಹಣಕ್ಕೆ ರಸೀದಿ ಕೊಡಲು, ಮನೆ ಬಿಟ್ಟವರ ಅಡ್ವಾನ್ಸನ್ನು ಹೇಳಿದ ದಿನ ಮರಳಿಸಲು ನಮಗೆ ಯಾವ ಕಾಯ್ದೆಯೂ ಅಡ್ಡ ಬಂದಿಲ್ಲ. ಪರದೇಶದ ಓನರಿನಿಂದ ನಮ್ಮ ಮಗನಿಗೆ ಯಾವ ನ್ಯಾಯ ಸಿಗಲೆಂದು ಬಯಸುತ್ತೇವೋ ಅದನ್ನು ನಮ್ಮ ಬಾಗಿಲಿಗೆ ಬಂದ ಪರರ ಮಗನಿಗೆ ಈ ತಿಂಗಳಿನಿಂದಲೇ ಕೊಡೋಣ. ಒಂದು ರಸೀದಿ ಪುಸ್ತಕದಿಂದ ಶುರು ಮಾಡಿದರೂ ಸಾಕು.